ಬೀದಿಯ ಹಾಡೂ ದೇವಾಲಯದ ಕೀರ್ತನೆಯೂ

ಮೂಲವಾಕ್ಯಗಳು: ಆಮೋಸ 5: 23, 24, ಯಾಕೋಬ 5: 4.



ಮೇಲೆ ಸೂಚಿಸಿದ ಎರಡು ಸ್ಥಳಗಳನ್ನು ನಿಮ್ಮ ನಿಮ್ಮ ಸತ್ಯವೇದಗಳಲ್ಲಿ ತೆರೆದು ಮೊದಲು ಓದಿಕೊಳ್ಳಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಿರಿ. ಮೊದಲನೆಯದರಲ್ಲಿ ತೆಕೋವದ ಕುರುಬನಾದ ಆಮೋಸನು ದೇವರ ಹೆಸರಿನಿಂದ ಒಂದು ಕಠಿಣವಾದ ಮಾತನ್ನು ತಿಳಿಸುತ್ತಾನೆ. ಬಡವರನ್ನು ತುಳಿದವರು ಹಬ್ಬದ ದಿನ ವಾದ್ಯ ನುಡಿಸಿ ಹಾಡಿದರೆ ಅದು ದೇವರ ಕಿವಿಗೆ ಬರೀ ಗದ್ದಲವೇ. ಆತನು ಹುಡುಕುವದು ನ್ಯಾಯವನ್ನು, ಅದೂ ಮಳೆಗಾಲದಲ್ಲಿ ಮಾತ್ರ ತುಂಬುವ ಹಳ್ಳದಂಥದ್ದನ್ನಲ್ಲ, ಬೇಸಿಗೆಯಲ್ಲಿಯೂ ಬತ್ತದ ಹೊಳೆಯಂಥದ್ದನ್ನು ಎಂಬದೇ ಅದರ ಭಾವ. ಎರಡನೆಯದರಲ್ಲಿ ಯಾಕೋಬನು, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಗೂ ಬಾಯಿ ಉಂಟು, ಅದರ ಕೂಗು ದೇವರಿಗೆ ಮುಟ್ಟಿದೆ ಎಂದು ಎಚ್ಚರಿಸುತ್ತಾನೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿರಿ. ದೇವರು ಕೇಳಲೊಲ್ಲದ ಕೀರ್ತನೆ ಒಂದುಂಟು. ದೇವರು ಕಿವಿಗೊಡುವ ಕೂಗು ಒಂದುಂಟು. ನಮ್ಮ ಬಾಯಿಂದ ಹೊರಡುವದು ಇವುಗಳಲ್ಲಿ ಯಾವದು ಎಂಬದೇ ಈ ತಿಂಗಳಿನ ವಿಚಾರ.

ಇದನ್ನು ಬೋಧಿಸುವ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಅರಿಕೆಮಾಡಬೇಕಾಗಿದೆ. ನಾನು ಉಪದೇಶಿಯಾಗಿ ಸೇವೆಮಾಡುವ ಹಳ್ಳಿಗಳೊಂದರಲ್ಲಿ ಸಭೆಯ ಹಿರಿಯರೊಬ್ಬರು ಕಬ್ಬು ಕಡಿಯುವ ಆಳುಗಳಿಗೆ ಮೇಸ್ತ್ರಿಯಾಗಿದ್ದಾರೆ. ಕಳೆದ ಸುಗ್ಗಿಯಲ್ಲಿ ಅವರಿಂದ ಆಳುಗಳಿಗೆ ಮೂರು ವಾರಗಳ ಕೂಲಿ ಬರಬೇಕಾಗಿತ್ತು. ಈ ವಾರ, ಮುಂದಿನ ವಾರ ಎಂದು ದಿನ ಕಳೆಯಿತು. ಆಗ ಸಭೆಯ ಐದಾರು ಮಂದಿ ಯೌವನಸ್ಥರು ಒಂದು ಸಂಜೆ ತಮಟೆಯನ್ನು ತೆಗೆದುಕೊಂಡು ಅವರ ಬಾಗಿಲ ಮುಂದೆ ನಿಂತು, ನಾವು ಆದಿತ್ಯವಾರ ಹಾಡುವ ಒಂದು ಕೀರ್ತನೆಯ ರಾಗಕ್ಕೆ ತಮ್ಮ ಕೂಲಿಯ ಲೆಕ್ಕವನ್ನೇ ಕೂಡಿಸಿ ಹಾಡಿದರು. ಊರೆಲ್ಲಾ ನೆರೆದು ಕೇಳಿತು. ಆ ಹಿರಿಯರು ಅದೇ ರಾತ್ರಿ ನನ್ನ ಮನೆಗೆ ಬಂದು, “ಉಪದೇಶಿಗಳೇ, ದೇವರ ಕೀರ್ತನೆಯನ್ನು ಬೀದಿಪಾಲು ಮಾಡಿದ್ದಾರೆ, ನೀವು ಸುಮ್ಮನಿರುವದೋ?” ಎಂದು ಕಣ್ಣೀರು ತಂದರು. ನಾನೂ ಸಿಟ್ಟುಗೊಂಡು, ಬಂದ ಆದಿತ್ಯವಾರ ಪ್ರಸಂಗಪೀಠದಿಂದ ಆ ಹುಡುಗರನ್ನು ಎಲ್ಲರ ಎದುರಿನಲ್ಲಿ ಗದರಿಸಿದೆನು. ಆರಾಧನೆ ಮುಗಿದ ಮೇಲೆ ಅವರಲ್ಲೊಬ್ಬನು ಬಾಗಿಲಲ್ಲಿ ನಿಂತು, “ಅಯ್ಯನವರೇ, ರಾಗ ಕೆಟ್ಟಿತೆಂದು ಹೇಳಿದಿರಿ. ಲೆಕ್ಕ ತಪ್ಪೆಂದು ಹೇಳಲಿಲ್ಲ” ಎಂದು ಮೆಲ್ಲಗೆ ನುಡಿದು ಹೋದನು. ಅಂದಿನಿಂದ ಅವನು ಆರಾಧನೆಗೆ ಬಂದಿಲ್ಲ.

ಆ ಮಾತು ಮುಳ್ಳಿನಂತೆ ನನ್ನಲ್ಲಿ ನೆಟ್ಟಿತು. ನಾನು ಹಾಡನ್ನು ನಿಲ್ಲಿಸಿದೆನು, ಕೂಲಿಯನ್ನು ವಿಚಾರಿಸಲಿಲ್ಲ. ಸಭೆಯ ರಾಗವು ಬೀದಿಗೆ ಹೋಗಿ ಸಭೆಯ ವಿರೋಧವಾಗಿಯೇ ಹಾಡಲ್ಪಡುವದು ಹಿಂದೆ ಎಲ್ಲಿಯಾದರೂ ನಡೆಯಿತೋ, ಅದು ಹೇಗೆ ಮುಗಿಯಿತು ಎಂದು ಪುಸ್ತಕಗಳಲ್ಲಿ ಹುಡುಕಿದಾಗ ನನಗೆ ಎರಡು ಚರಿತ್ರೆಗಳು ಸಿಕ್ಕಿದವು. ಎರಡೂ ಅಮೇರಿಕಾ ದೇಶದವು. ಎರಡರಲ್ಲಿಯೂ ಸಭೆಯ ರಾಗ ಉಂಟು, ಕೂಲಿಯವರ ಸಂಘ ಉಂಟು, ಸರಕಾರದ ಅಪ್ಪಣೆ ಉಂಟು. ಆದರೆ ಫಲ ಮಾತ್ರ ಬೇರೆ ಬೇರೆ. ಅವುಗಳನ್ನು ನಿಮಗೆ ತಿಳಿಸುತ್ತೇನೆ.

ಮೊದಲನೆಯದಾಗಿ, ಬಡವನ ಮಾತನ್ನು ಮುಳುಗಿಸಿದ ಕೀರ್ತನೆಯ ಚರಿತ್ರೆ.

ಅಮೇರಿಕಾ ದೇಶದ ಪಶ್ಚಿಮ ಭಾಗದಲ್ಲಿ, ವಾಷಿಂಗ್ಟನ್ ಎಂಬ ಸಂಸ್ಥಾನದಲ್ಲಿ, ಸ್ಪೋಕೇನ್ ಎಂಬ ಪಟ್ಟಣವಿದೆ. ಸುಮಾರು 1908ನೆಯ ಇಸವಿಯ ಹೊತ್ತಿಗೆ ಕಾಡಿನಲ್ಲಿ ಮರ ಕಡಿಯುವವರು, ಗಣಿಗಳಲ್ಲಿ ಅಗೆಯುವವರು, ರೈಲುಹಾದಿ ಹಾಕುವವರು, ಗೋದಿ ಕೊಯ್ಯುವವರು ಕೆಲಸ ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಅವರಿಗೆ ಕೆಲಸ ಕೊಡಿಸುತ್ತೇವೆಂದು ದಲ್ಲಾಳಿಗಳು ಅಂಗಡಿ ತೆರೆದಿದ್ದರು. ಇವರು ಮುಂಗಡವಾಗಿ ಹಣ ತೆಗೆದುಕೊಂಡು ಆಳನ್ನು ದೂರದ ಠಾವಿಗೆ ಕಳುಹಿಸುವರು. ಅಲ್ಲಿ ಹೋದರೆ ಕೆಲಸವೇ ಇಲ್ಲ, ಇಲ್ಲವೆ ಕೆಲವು ದಿನಗಳಲ್ಲಿಯೇ ಅವನನ್ನು ಬಿಡಿಸಿ, ಅವನ ಠಾವಿಗೆ ಮತ್ತೊಬ್ಬನಿಂದ ಹಣ ಪಡೆದು ಕಳುಹಿಸುವರು. ಮೇಸ್ತ್ರಿಗೂ ಅದರಲ್ಲಿ ಪಾಲಿರುತ್ತಿತ್ತು. 1905ರಲ್ಲಿ ಚಿಕಾಗೋ ಪಟ್ಟಣದಲ್ಲಿ ಹುಟ್ಟಿದ ಕೂಲಿಯವರ ದೊಡ್ಡ ಸಂಘವೊಂದು, ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ ಎಂಬದು, ಈ ಮೋಸವನ್ನು ಸ್ಪೋಕೇನಿನ ಬೀದಿಯ ಮೂಲೆಗಳಲ್ಲಿ ನಿಂತು ಸಾರುತ್ತಿತ್ತು.

ಅದೇ ಬೀದಿಗಳಲ್ಲಿ ರಕ್ಷಣ್ಯ ಸೈನ್ಯದವರೂ, ಅಂದರೆ ಸಾಲ್ವೇಷನ್ ಆರ್ಮಿಯವರೂ, ಬ್ಯಾಂಡು ಬಾರಿಸಿ ಸುವಾರ್ತೆ ಸಾರುತ್ತಿದ್ದರು. ತುತ್ತೂರಿಗಳ ಶಬ್ದದಲ್ಲಿ ಕೂಲಿಯವರ ಮಾತು ಮುಳುಗಿಹೋಗುತ್ತಿತ್ತು. ಇದನ್ನು ಕಂಡ ಸಂಘದವರು ಒಂದು ಉಪಾಯ ಮಾಡಿದರು. ಬ್ಯಾಂಡು ಯಾವ ಕೀರ್ತನೆಯ ರಾಗವನ್ನು ನುಡಿಸುತ್ತದೋ ಅದೇ ರಾಗಕ್ಕೆ ತಮ್ಮ ಮಾತುಗಳನ್ನು ಕಟ್ಟಿ ಗಟ್ಟಿಯಾಗಿ ಹಾಡಿದರು. ವಾದ್ಯ ಸಭೆಯದು, ಮಾತು ಕೂಲಿಯವರದು ಎಂಬಂತಾಯಿತು. 1909ರಲ್ಲಿ ಇಂಥ ಹಾಡುಗಳನ್ನು ಕೂಡಿಸಿ ಚಿಕ್ಕದೊಂದು ಪುಸ್ತಕವನ್ನು ಅದೇ ಪಟ್ಟಣದಲ್ಲಿ ಅಚ್ಚುಮಾಡಿಸಿದರು.

ಪಟ್ಟಣದ ಅಧಿಕಾರಿಗಳು ಏನು ಮಾಡಿದರೆಂದು ಕೇಳಿರಿ. ಬೀದಿಯಲ್ಲಿ ಯಾರೂ ಸಭೆ ಕೂಡಿಸಿ ಮಾತಾಡಬಾರದೆಂದು ಕಟ್ಟಳೆ ಮಾಡಿದರು. ಆಮೇಲೆ ರಕ್ಷಣ್ಯ ಸೈನ್ಯದಂಥ ಧಾರ್ಮಿಕ ಮಂಡಳಿಗಳಿಗೆ ಆ ಕಟ್ಟಳೆಯಿಂದ ವಿನಾಯಿತಿ ಕೊಟ್ಟರು. ಬೀದಿಯಲ್ಲಿ ಪರಲೋಕದ ಮಾತು ಆಡಬಹುದು. ಕೂಲಿಯ ಮಾತು ಆಡಬಾರದು! 1909ರ ನವೆಂಬರ್ 2ರಂದು ಕೂಲಿಯವರು ಕಟ್ಟಳೆಯನ್ನು ಮುರಿಯಲು ಮೊದಲುಮಾಡಿದರು. ಒಬ್ಬನು ಪೆಟ್ಟಿಗೆಯ ಮೇಲೆ ನಿಂತು ಬಾಯಿ ತೆರೆಯುವಷ್ಟರಲ್ಲಿ ಪೊಲೀಸರು ಎಳೆದುಕೊಂಡು ಹೋಗುವರು. ಕೂಡಲೇ ಮತ್ತೊಬ್ಬನು ಏರುವನು. ಹೀಗೆ ನೂರಾರು ಮಂದಿ ಚಳಿಗಾಲದಲ್ಲಿ ಸೆರೆಮನೆ ತುಂಬಿದರು, ಅಲ್ಲಿಯೂ ಹಾಡಿದರು. ಕಡೆಗೆ 1910ರ ಮಾರ್ಚಿಯಲ್ಲಿ ಪಟ್ಟಣದವರು ಸೋತು ಮಾತಾಡುವ ಹಕ್ಕನ್ನು ಕೊಟ್ಟರು. 19 ದಲ್ಲಾಳಿ ಅಂಗಡಿಗಳ ಪರವಾನಗಿ ರದ್ದಾಯಿತು. ಆದಕಾರಣ ಅವರು ಹೇಳಿದ ಮೋಸವು ಸುಳ್ಳಾಗಿರಲಿಲ್ಲವೆಂಬದು ತಿಳಿಯಿತು.

ಈ ಸಂಘದ ಹಾಡುಗಾರರಲ್ಲಿ ಹೆಸರಾದವನು ಜೋ ಹಿಲ್ ಎಂಬವನು. ಅವನು 1879ರಲ್ಲಿ ಸ್ವೀಡನ್ ದೇಶದ ಯೆವ್ಲೆ ಎಂಬ ಊರಿನಲ್ಲಿ, ನಮ್ಮಂತೆಯೇ ಪ್ರೊಟೆಸ್ಟಂಟ್ ಮತದ ಭಕ್ತಿಯುಳ್ಳ ಮನೆಯಲ್ಲಿ ಹುಟ್ಟಿದನು. ತಂದೆ ರೈಲ್ವೆಯ ನೌಕರನು. ಮನೆಯಲ್ಲಿ ವಾದ್ಯ ನುಡಿಸಿ ಮಕ್ಕಳಿಗೆ ಕೀರ್ತನೆ ಕಲಿಸಿದವನು. ಮಗನಿಗೆ ಎಂಟು ವರ್ಷವಿರುವಾಗ ತಂದೆ ತೀರಿಹೋದನು. ಮನೆಗೆ ಬಡತನ ಬಂತು. ಹುಡುಗನು ಚಿಕ್ಕಂದಿನಲ್ಲಿಯೇ ದುಡಿಮೆಗೆ ಇಳಿದನು. 1902ರಲ್ಲಿ ತಾಯಿಯೂ ತೀರಿದ ಮೇಲೆ ಅಮೇರಿಕಾಕ್ಕೆ ಹೋಗಿ ಊರೂರು ಅಲೆಯುವ ಕೂಲಿಯಾದನು. 1911ರಲ್ಲಿ ಇವನು, ಪರಲೋಕದಲ್ಲಿ ಕೂಡಿಕೊಳ್ಳುವ ನಿರೀಕ್ಷೆಯನ್ನು ಕುರಿತ ಪ್ರಸಿದ್ಧವಾದ ಒಂದು ಕೀರ್ತನೆಯ ರಾಗಕ್ಕೆ ಹಾಸ್ಯದ ಹಾಡೊಂದನ್ನು ಕಟ್ಟಿದನು. ಹಸಿದವನು ಊಟ ಕೇಳಿದರೆ ಬೋಧಕರು, ಸತ್ತ ಮೇಲೆ ಮೇಲಿನ ಲೋಕದಲ್ಲಿ ಉಣ್ಣುವೆ ಎಂದು ಉತ್ತರ ಕೊಡುತ್ತಾರೆಂಬದೇ ಅದರ ತಾತ್ಪರ್ಯ. 1914ರಲ್ಲಿ ನಡೆದ ಒಂದು ಕೊಲೆಯ ಅಪರಾಧವನ್ನು ಅವನ ಮೇಲೆ ಹೊರಿಸಿ, 1915ರ ನವೆಂಬರ್ 19ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆ ತೀರ್ಪು ಸರಿಯೋ ಎಂಬ ಸಂಶಯ ಇಂದಿನ ವರೆಗೂ ತೀರಿಲ್ಲ.

ಪ್ರಿಯರೇ, ಈ ಹಾಸ್ಯದ ಹಾಡನ್ನು ಕುರಿತು ನಾವು ಏನನ್ನೋಣ? ಇದು ದೇವದೂಷಣೆ ಎಂದು ಕಿವಿ ಮುಚ್ಚಿಕೊಳ್ಳುವದು ಸುಲಭ. ಆದರೆ ಇದನ್ನು ಕಟ್ಟಿದವನು ಅನ್ಯನಲ್ಲ. ತಾಯಿಯ ಮಡಿಲಲ್ಲಿ ಕೀರ್ತನೆ ಕೇಳಿ ಬೆಳೆದ ಸಭೆಯ ಮಗನೇ. ರಕ್ಷಣ್ಯ ಸೈನ್ಯದವರ ವಿಷಯದಲ್ಲಿಯೂ ನ್ಯಾಯವಾಗಿ ಮಾತಾಡಬೇಕು. ಅವರು ಬಡವರ ವೈರಿಗಳಾಗಿರಲಿಲ್ಲ. ವಿಲಿಯಂ ಬೂತ್ ಎಂಬ ದೇವಸೇವಕನು 1865ರಲ್ಲಿ ಲಂಡನ್ ಪಟ್ಟಣದ ಬಡವರ ಕೇರಿಗಳಲ್ಲಿಯೇ ಈ ಸೇವೆಯನ್ನು ಆರಂಭಿಸಿದನು. ಬಡವರು ಬಲ್ಲ ಬೀದಿಯ ರಾಗಗಳಿಗೆ ದೇವರ ಮಾತುಗಳನ್ನು ಹೊಂದಿಸಿ ಹಾಡಿಸಿದವರೂ ಅವರೇ. 1891ರಲ್ಲಿ ಬೆಂಕಿಕಡ್ಡಿಯ ಕಾರ್ಖಾನೆ ತೆರೆದು, ಕೆಲಸದ ಹೆಂಗಸರ ದವಡೆಯನ್ನು ಕೊಳೆಯಿಸುತ್ತಿದ್ದ ವಿಷದ ರಂಜಕವನ್ನು ಬಿಟ್ಟು, ಬೇರೆ ಕಾರ್ಖಾನೆಗಳಿಗಿಂತ ಹೆಚ್ಚು ಕೂಲಿ ಕೊಟ್ಟರು. ಹೀಗಿದ್ದರೂ ಸ್ಪೋಕೇನಿನ ಬೀದಿಯಲ್ಲಿ, ಕಟ್ಟಳೆಯ ವಿನಾಯಿತಿ ತಮಗೆ ಸಿಕ್ಕಿತು, ಬಡವನಿಗೆ ಸಿಕ್ಕಲಿಲ್ಲ ಎಂಬಲ್ಲಿ, ಅವರ ತುತ್ತೂರಿಯು ದಲ್ಲಾಳಿಯ ಪಕ್ಷದಲ್ಲಿ ಊದಿದಂತೆ ಕೂಲಿಯವನ ಕಿವಿಗೆ ಕೇಳಿಸಿತು. ಒಳ್ಳೆಯ ಮನಸ್ಸಿನಿಂದ ಹಾಡಿದರೆ ಸಾಲದು. ಯಾರ ಮಗ್ಗುಲಲ್ಲಿ ನಿಂತು ಹಾಡುತ್ತೇವೆಂಬದನ್ನೂ ನೋಡಿಕೊಳ್ಳಬೇಕು.

ಎರಡನೆಯದಾಗಿ, ಬಡವನ ಬಾಯಲ್ಲಿಯೇ ಉಳಿದ ಕೀರ್ತನೆಯ ಚರಿತ್ರೆ.

ಅದೇ ಅಮೇರಿಕಾದ ದಕ್ಷಿಣ ಭಾಗದಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರು ತಲೆತಲಾಂತರ ಗುಲಾಮರಾಗಿ ಹತ್ತಿಯ ಹೊಲಗಳಲ್ಲಿ ದುಡಿದರು. ಅವರೂ ಪರಲೋಕವನ್ನು ಕುರಿತು ಹಾಡುತ್ತಿದ್ದರು. ಅದನ್ನು ಕೇಳಿದ ಒಡೆಯರು, ಇವರು ಸಂತೋಷವಾಗಿದ್ದಾರೆಂದು ಎಣಿಸುತ್ತಿದ್ದರು. ಗುಲಾಮತನದಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಎಂಬವನು 1845ರಲ್ಲಿ ತನ್ನ ಜೀವನಚರಿತ್ರೆಯನ್ನು ಬರೆದು, ಆ ಹಾಡುಗಳು ಸಂತೋಷದವಲ್ಲ, ಸಂಕೋಲೆಯಿಂದ ಬಿಡಿಸೆಂದು ದೇವರಿಗೆ ಮಾಡಿದ ಮೊರೆಗಳೇ ಎಂದು ಲೋಕಕ್ಕೆ ತಿಳಿಸಿದನು. ಕಾನಾನ್ ದೇಶವೆಂದು ಹಾಡುವಾಗ ಗುಲಾಮತನವಿಲ್ಲದ ಉತ್ತರದ ಸೀಮೆಯೂ ತಮ್ಮ ಮನಸ್ಸಿನಲ್ಲಿತ್ತೆಂದು 1855ರ ಪುಸ್ತಕದಲ್ಲಿ ವಿವರಿಸಿದನು. ಮೋಶೆಯ ಕಾಲದಲ್ಲಿ ಇಸ್ರಾಯೇಲ್ಯರ ಮೊರೆಯನ್ನು ಕೇಳಿದ ದೇವರು ತಮ್ಮದನ್ನೂ ಕೇಳುವನೆಂಬ ನಂಬಿಕೆ ಅವರದಾಗಿತ್ತು. ನೋಡಿರಿ, ಪರಲೋಕದ ನಿರೀಕ್ಷೆಯು ಒಡೆಯನ ಬಾಯಲ್ಲಿ ನಿದ್ರೆಯ ಮದ್ದಾಗುತ್ತದೆ. ಬಂಧಿತನ ಬಾಯಲ್ಲಿ ಅದೇ ನಿರೀಕ್ಷೆಯು ಎದ್ದು ನಿಲ್ಲುವ ಬಲವಾಗುತ್ತದೆ.

ಗುಲಾಮತನವು 1865ರಲ್ಲಿ ಕಾನೂನಿನಿಂದ ರದ್ದಾಯಿತು. ಆದರೂ ತುಚ್ಛಭಾವವು ಹೋಗಲಿಲ್ಲ. 1945ರಲ್ಲಿ ಸೌತ್ ಕೆರೊಲೈನಾ ಸಂಸ್ಥಾನದ ಚಾರ್ಲ್‌ಸ್ಟನ್ ಪಟ್ಟಣದ ಸಿಗಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕೂಲಿಯವರು ಹೆಚ್ಚು ಕೂಲಿಗಾಗಿ ಮುಷ್ಕರ ಹೂಡಿದರು. ಅವರಲ್ಲಿ ಬಹು ಮಂದಿ ಕಪ್ಪು ಜನಾಂಗದ ಹೆಂಗಸರು. ಚಳಿಯಲ್ಲಿ, ಮಳೆಯಲ್ಲಿ, ಕಾರ್ಖಾನೆಯ ಬಾಗಿಲಲ್ಲಿ ತಿಂಗಳುಗಟ್ಟಲೆ ನಿಂತು ಅವರು ತಮ್ಮ ದೇವಾಲಯದ ಹಾಡುಗಳನ್ನು ಹಾಡಿದರು. ಅವುಗಳಲ್ಲೊಂದು, ನಾನು ಒಂದು ದಿನ ಜಯಿಸುವೆನೆಂಬ ಅರ್ಥದ ಹಾಡು. ಲೂಸಿಲ್ ಸಿಮ್ಮನ್ಸ್ ಎಂಬ ಸ್ತ್ರೀಯು ಅದನ್ನು ನಿಧಾನವಾಗಿ ಎತ್ತಿ ಹಾಡಿಸುತ್ತಾ, ‘ನಾನು’ ಎಂಬಲ್ಲಿ ‘ನಾವು’ ಎಂದು ಮಾಡಿದಳೆಂದು ಹೇಳುತ್ತಾರೆ. ಮುಷ್ಕರದವರು ಅದನ್ನು ಟೆನೆಸೀ ಸಂಸ್ಥಾನದ ಹೈಲ್ಯಾಂಡರ್ ಎಂಬ ಶಾಲೆಗೆ ತಂದರು. 1932ರಲ್ಲಿ ಸ್ಥಾಪಿತವಾದ ಆ ಶಾಲೆಯಲ್ಲಿ ಕೂಲಿಯವರಿಗೆ ಪಾಠ ಹೇಳುತ್ತಿದ್ದರು. ಅಲ್ಲಿಂದ ಅದು ಹಬ್ಬಿ, 1960ರ ಎಪ್ರಿಲ್ ತಿಂಗಳಲ್ಲಿ ರಾಲಿ ಪಟ್ಟಣದಲ್ಲಿ ಕೂಡಿದ ಕಪ್ಪು ವಿದ್ಯಾರ್ಥಿಗಳ ಬಾಯಿಗೆ ಬಂತು. ಆಮೇಲೆ ಬೋಧಕನಾದ ಮಾರ್ಟಿನ್ ಲೂಥರ್ ಕಿಂಗ್ ಮುಂತಾದವರು ನಡಿಸಿದ ಸಮಾನ ಹಕ್ಕಿನ ಚಳವಳಿಯಲ್ಲೆಲ್ಲಾ ಅದೇ ಹಾಡು. ‘ವೀ ಶಲ್ ಓವರ್‌ಕಮ್’ ಎಂಬದು ಅದರ ಹೆಸರು. ಅದರ ಹಿಂದೀ ರೂಪವನ್ನು ನಮ್ಮ ದೇಶದ ಶಾಲೆಯ ಮಕ್ಕಳೂ ಹಾಡುತ್ತಾರೆ. ನಿಮ್ಮ ಮಕ್ಕಳನ್ನು ಕೇಳಿ ನೋಡಿರಿ.

ಸ್ಪೋಕೇನಿನಲ್ಲಿ ಕೂಲಿಯವನು ಸಭೆಯ ರಾಗವನ್ನು ಕಸಿದುಕೊಂಡು ಸಭೆಯನ್ನೇ ಹಾಸ್ಯಮಾಡಿದನು. ಚಾರ್ಲ್‌ಸ್ಟನಿನಲ್ಲಿ ಕಸಿದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಯಾಕಂದರೆ ಅಲ್ಲಿ ಸಭೆಯೂ ಅವಳದೇ, ಹಾಡೂ ಅವಳದೇ, ಹಸಿವೂ ಅವಳದೇ. ಭೇದವು ರಾಗದಲ್ಲಿಲ್ಲ, ಹಾಡುವವರು ಯಾರ ಸಂಗಡ ನಿಂತಿದ್ದರೆಂಬದರಲ್ಲಿದೆ. ಅದೇ ದಕ್ಷಿಣ ಸೀಮೆಯಲ್ಲಿ ಬಿಳಿಯರ ದೇವಾಲಯಗಳಲ್ಲಿಯೂ ಕ್ರಿಸ್ತನ ಕೀರ್ತನೆ ಮಧುರವಾಗಿ ನಡೆಯುತ್ತಿತ್ತು. ಆದರೆ ಅವುಗಳಲ್ಲಿ ಅನೇಕವು ಕಪ್ಪು ಸಹೋದರನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದವು. ಆಮೋಸನು ಹೇಳಿದ ಗದ್ದಲವು ಇದೇ ಅಲ್ಲವೇ?

ಮೂರನೆಯದಾಗಿ, ಇದು ನಮಗೆ ಹೇಗೆ ತಗಲುತ್ತದೆ?

ಸಹೋದರರೇ, ಆ ಹುಡುಗರು ಹಿಡಿದು ಬಂದ ತಮಟೆಯನ್ನು ನೆನಸಿರಿ. ನಮ್ಮ ಅಜ್ಜಂದಿರಲ್ಲಿ ಅನೇಕರಿಗೆ ತಮಟೆಯೂ ಹಲಗೆಯೂ ವಾದ್ಯವಾಗಿರಲಿಲ್ಲ, ನೊಗವಾಗಿತ್ತು. ಊರ ಹಬ್ಬಕ್ಕೂ ಊರವರ ಹೆಣಕ್ಕೂ ಅದನ್ನು ಬಡಿಯುವದು ಅವರ ಮೇಲೆ ಹೊರಿಸಿದ ಬಿಟ್ಟಿ ಚಾಕರಿ. ಬಡಿಯುವವನು ಮಾತ್ರ ದೂರ ನಿಲ್ಲಬೇಕು. ಸುವಾರ್ತೆ ಬಂದಾಗ ಅವರು ಅದನ್ನು ಕೆಳಗಿಟ್ಟು, ನಾವು ದೇವರ ಮಕ್ಕಳು ಎಂದು ತಲೆಯೆತ್ತಿ ಕೀರ್ತನೆ ಹಾಡಿದರು. ಅವರು ಕೆಳಗಿಟ್ಟದ್ದು ಸರಿಯೇ. ಅವರು ಕೆಳಗಿಟ್ಟದ್ದು ಅವಮಾನವನ್ನು. ಆದರೆ ಅವರ ಮೊಮ್ಮಕ್ಕಳಾದ ನಾವು, ಅವಮಾನವನ್ನು ಬಿಡುವದರ ಬದಲಾಗಿ ಅವಮಾನಪಟ್ಟವರನ್ನೇ ಬಿಡಲು ಕಲಿತೆವೋ ಎಂದು ಶೋಧಿಸಿಕೊಳ್ಳಬೇಕು. 1970ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಿದ್ದಲಿಂಗಯ್ಯನವರ ಹಾಡುಗಳನ್ನು ಜನರು ಹಾಡಿದರು. ಅವರ ಮೊದಲನೆಯ ಪದ್ಯಪುಸ್ತಕವು 1975ರಲ್ಲಿ ಪ್ರಕಟವಾಯಿತು. ಹಿಂದೆ ಬಿಟ್ಟಿಗಾಗಿ ಬಡಿದ ತಮಟೆಯನ್ನೇ ಜನರು ಹಕ್ಕಿಗಾಗಿ ಬಾರಿಸಿದರು. ನಮ್ಮ ಹುಡುಗರು ಆ ಹಾಡುಗಳಿಗೆ ಓಡುವದನ್ನು ಕಂಡು ಹಿರಿಯರು ಅಂಜುತ್ತಾರೆ. ಅಂಜುವದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅವರಿಗೆ ಬೇಕಾದದ್ದು ನಮ್ಮ ಕೀರ್ತನೆಯಲ್ಲಿ ಯಾಕೆ ಸಿಕ್ಕಲಿಲ್ಲ?

ಸತ್ಯವೇದದಲ್ಲಿ ಅದು ಇಲ್ಲವೆಂದಲ್ಲ. ಲೂಕನ ಸುವಾರ್ತೆಯ 1ನೆಯ ಅಧ್ಯಾಯದಲ್ಲಿ ನಜರೇತೆಂಬ ಚಿಕ್ಕ ಊರಿನ ಬಡ ಕನ್ಯೆ ಹಾಡುವ ಹಾಡನ್ನು ಓದಿರಿ. ಬಲಿಷ್ಠರು ಆಸನಗಳಿಂದ ಇಳಿಯುವದನ್ನೂ ಹಸಿದವರು ತೃಪ್ತರಾಗುವದನ್ನೂ ಆಕೆಯು ಹಾಡುತ್ತಾಳೆ. ಆ ಹಾಡನ್ನು ನಾವು ಕ್ರಿಸ್ಮಸ್ಸಿನಲ್ಲಿ ಓದುತ್ತೇವೆ. ಕೂಲಿ ಬಟವಾಡೆಯ ದಿನ ಮರೆಯುತ್ತೇವೆ.

ಹಾಗಾದರೆ ಬೀದಿಯ ಹಾಡೆಲ್ಲಾ ಒಳ್ಳೆಯದೋ? ಅಲ್ಲ. ಹಗೆಯನ್ನು ಬಿತ್ತುವ ಹಾಡು ಉಂಟು; ಚುನಾವಣೆಯ ಕಾಲದಲ್ಲಿ ಹಣ ಕೊಟ್ಟು ಕಟ್ಟಿಸಿದ ಹಾಡು ಉಂಟು; ಒಬ್ಬ ಮನುಷ್ಯನನ್ನು ದೇವರ ಠಾವಿನಲ್ಲಿ ಕೂರಿಸುವ ಹಾಡು ಉಂಟು. ಯೌವನಸ್ಥರೇ, ಹಾಡು ಮನಸ್ಸನ್ನು ಮೆಲ್ಲಗೆ ಎಳೆದೊಯ್ಯುತ್ತದೆ. ತಾಳಕ್ಕೆ ಕಾಲು ಹಾಕುವ ಮುಂಚೆ ಅರ್ಥಕ್ಕೆ ಬುದ್ಧಿ ಹಾಕಿರಿ. ನಿಮ್ಮ ಬಾಕಿಯನ್ನು ಕೇಳಿರಿ. ಬಾಕಿಯಿಟ್ಟವನ ಮಕ್ಕಳನ್ನು ಶಪಿಸಬೇಡಿರಿ. ಹಿರಿಯರೇ, ಹಾಡೊಂದು ನಿಮ್ಮನ್ನು ಚುಚ್ಚಿದರೆ, ಅದನ್ನು ಹಾಡಿದವನ ನಡತೆಯನ್ನು ವಿಚಾರಿಸುವ ಮೊದಲು ಅದರಲ್ಲಿರುವ ಲೆಕ್ಕವನ್ನು ವಿಚಾರಿಸಿರಿ. ಲೆಕ್ಕ ಸುಳ್ಳಾದರೆ ತಿದ್ದಿರಿ, ನಿಜವಾದರೆ ತೀರಿಸಿರಿ. ನನ್ನಂಥ ಉಪದೇಶಿಗಳೇ, ಪ್ರಸಂಗಪೀಠವು ಎತ್ತರದಲ್ಲಿರುವದು ಎಲ್ಲರಿಗೂ ಕೇಳಿಸುವದಕ್ಕಾಗಿ. ಕೆಳಗಿನವರ ಮಾತು ನಮಗೆ ಕೇಳಿಸದೆ ಇರುವದಕ್ಕಾಗಿ ಅಲ್ಲ.

ನಾನು ಆ ಹಿರಿಯರ ಮನೆಗೆ ಹೋದೆನು. ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸಿ, ಆಮೇಲೆ ಲೆಕ್ಕದ ಪುಸ್ತಕವನ್ನು ತೆರೆದೆವು. ಅವರಿಗೂ ಮೇಲಿನಿಂದ ಬರಬೇಕಾದ ಹಣ ಪೂರಾ ಬಂದಿರಲಿಲ್ಲ. ಬಂದದ್ದರಲ್ಲಿ ಸ್ವಲ್ಪವನ್ನು ಮಗಳ ಮದುವೆಗೆ ಖರ್ಚುಮಾಡಿದ್ದರು. ಅದನ್ನು ಹೇಳುವಾಗ ಅವರು ತಲೆ ಎತ್ತಲಿಲ್ಲ. ಎರಡು ವಾರಗಳ ಕೂಲಿಯನ್ನು ಕೊಟ್ಟಿದ್ದಾರೆ. ಮೂರನೆಯ ವಾರದ್ದು ಇನ್ನೂ ಬಾಕಿಯಿದೆ. ಕಳೆದ ಆದಿತ್ಯವಾರ ನಾನು ಅದೇ ಪ್ರಸಂಗಪೀಠದಿಂದ ಆ ಹುಡುಗರ ಕ್ಷಮೆ ಬೇಡಿದೆನು. ಬಾಗಿಲಲ್ಲಿ ನಿಂತು ಮಾತಾಡಿದವನು ಅದನ್ನು ಕೇಳಲು ಅಲ್ಲಿ ಇರಲಿಲ್ಲ. ಅವನ ಮನೆಗೂ ಹೋಗಬೇಕಾಗಿದೆ. ಮೂರನೆಯ ವಾರದ ಕೂಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕೆಂದು ನಾನೂ ಹಿರಿಯರೂ ನಿಶ್ಚಯಿಸಿದ್ದೇವೆ.

ಪ್ರಿಯರೇ, ಬರುವ ಆದಿತ್ಯವಾರ ನೀವು ಕೀರ್ತನೆಯ ಪುಸ್ತಕವನ್ನು ತೆರೆಯುವಾಗ, ನಿಮ್ಮಿಂದ ಯಾರಿಗಾದರೂ ಬರಬೇಕಾದ ಬಾಕಿ ಉಂಟೋ ಎಂದು ಒಂದು ಗಳಿಗೆ ನೆನಸಿಕೊಳ್ಳಿರಿ. ಉಂಟಾದರೆ ಹಾಡನ್ನು ಬಿಡಬೇಡಿರಿ. ಬಾಕಿಯನ್ನು ತೀರಿಸಿ ಬಂದು ಹಾಡಿರಿ.

ಪರಲೋಕದ ತಂದೆಯೇ, ನಮ್ಮ ಹಾಡುಗಳಿಗಿಂತ ಮುಂಚೆ ನಮ್ಮ ಕೂಲಿಯವರ ಕೂಗು ನಿನ್ನನ್ನು ಮುಟ್ಟಿದೆ. ನಮ್ಮ ಕೈಗಳನ್ನು ಶುದ್ಧಮಾಡು, ನಮ್ಮ ಕಿವಿಗಳನ್ನು ತೆರೆ, ಆಮೇಲೆ ನಮ್ಮ ಬಾಯಿಗಳನ್ನು ತೆರೆ. ಮನೆಬಿಟ್ಟ ಮಕ್ಕಳನ್ನು ತಿರಿಗಿ ಕರತಾ. ನಾವೆಲ್ಲರೂ ಒಂದೇ ಸ್ವರದಿಂದ ನಿನ್ನನ್ನು ಕೊಂಡಾಡುವಂತೆ ಮಾಡು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.